ತಿಂಗಳಿಗೊಮ್ಮೆ ಅದೇ ಅಳು, ಅದೇ ಜಗಳ. ಮುಟ್ಟಿನ ದಿನಾಂಕದ ಜೊತೆ ಮನಸ್ಸಿನ ಲೆಕ್ಕನೂ ಬರೆದಿಡೋರು ಯಾರಾದ್ರೂ ಇದೀರಾ?

ಶರಾವತಿ ಸೀಮೆಯವಳು
ಸಾಗರದ ಕಡೆಯವಳು, ಮದುವೆಯಾಗಿ ಹತ್ತು ವರ್ಷದಿಂದ ಬೆಂಗಳೂರಲ್ಲಿದೀನಿ. ವಯಸ್ಸು 36, ಬ್ಯಾಂಕಲ್ಲಿ ಕೆಲಸ. ಫೆಬ್ರವರಿಯಲ್ಲಿ ಒಂದು ರಾತ್ರಿ ಹಾಸಿಗೆ ಮೇಲೆ ಒದ್ದೆ ಟವೆಲ್ ಬಿದ್ದಿತ್ತು ಅಂತ ಶುರುವಾದ ಮಾತು, ನಾನು ಬ್ಯಾಗಿಗೆ ಬಟ್ಟೆ ತುಂಬಿ ತವರಿಗೆ ಹೊರಡೋವರೆಗೂ ಹೋಯ್ತು. ಮಗಳು ಬಾಗಿಲ ಹಿಂದೆ ನಿಂತು ನೋಡ್ತಿದ್ಲು. ಮೂರನೇ ದಿನ ಮುಟ್ಟಾದೆ. ಸಂಕ್ರಾಂತಿ ಹೊತ್ತಲ್ಲೂ ಹೀಗೇ ಆಗಿತ್ತಲ್ಲ ಅಂತ ಆಗ ಹೊಳೀತು.

ಅಡುಗೆಮನೆ ಗೋಡೆ ಮೇಲಿರೋ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೀತೀವಲ್ಲ, ಅದೇ ಚೌಕದ ಮೂಲೆಯಲ್ಲಿ ಕೆಂಪು ಚುಕ್ಕೆ ಇಡೋಕೆ ಶುರು ಮಾಡಿದೆ. ಅಳು ಬಂದ ದಿನ ‘ಅ’, ಸಿಟ್ಟು ಬಂದ ದಿನ ‘ಸಿ’, ನಿದ್ದೆ ಬರದ ರಾತ್ರಿ ‘ನಿ’. ನಾಲ್ಕು ತಿಂಗಳಾಯ್ತು. ಚುಕ್ಕೆಗೆ ಐದಾರು ದಿನ ಮುಂಚೆ ಮೂರೂ ಸಾಲಾಗಿ ಬಂದು ಕೂತಿವೆ, ಪ್ರತಿ ಸಲ. ಅದನ್ನ ನೋಡಿ ಅತ್ತುಬಿಟ್ಟೆ. ಹತ್ತು ವರ್ಷದಿಂದ ನನ್ನ ಸ್ವಭಾವವೇ ಕೆಟ್ಟದ್ದು ಅಂದ್ಕೊಂಡಿದ್ದೆ.

ಈಗ ಪ್ರಶ್ನೆ. ಕ್ಯಾಲೆಂಡರ್ ಸಾಕಾ, ಆ್ಯಪ್ ಬೇಕಾ? ಇನ್ನೇನು ಬರೀಬೇಕು? ಮೂರನೇದು ನಿಜವಾಗಿ ನೋಯಿಸ್ತಿರೋದು: ಚುಕ್ಕೆ ನೋಡಿದ ಮೇಲೆ ನಮ್ಮನೆಯವರು ನಾನು ಏನೇ ಅಂದ್ರೂ ‘ಡೇಟ್ ಹತ್ರ ಬಂತು ಅನ್ಸುತ್ತೆ’ ಅಂತಾರೆ. ಮೊನ್ನೆ ಮಗಳ ಸ್ಕೂಲ್ ಫೀಸ್ ಮಾತಾಡುವಾಗಲೂ ಅದೇ. ಅವತ್ತು ನನಗೆ ಒಂಬತ್ತನೇ ದಿನ! ಬರೆದಿಟ್ಟಿದ್ದೇ ತಪ್ಪಾಯ್ತಾ?

ಮಲ್ಲೇಶ್ವರದ ಮೀನಾ
ಟವೆಲ್ ಬದಲು ನಮ್ಮನೆಯಲ್ಲಿ ಕಾಫಿ ಲೋಟ. ಉಳಿದಿದ್ದೆಲ್ಲ ನಂದೇ ಕತೆ.

ಕೋಡ್ ಬರೆಯೋ ಕಾವ್ಯ
ಆ್ಯಪ್ ಹಾಕ್ಕೊಳ್ಳಿ ಅಕ್ಕ. ನಾನು ಆರು ವರ್ಷದಿಂದ ಬಳಸ್ತಿದೀನಿ. ರಾತ್ರಿ ಒಂದು ನೋಟಿಫಿಕೇಶನ್ ಬರುತ್ತೆ, ಅರ್ಧ ನಿಮಿಷದಲ್ಲಿ ಒತ್ತಿ ಮುಗಿಸಬಹುದು. ಹಳೇದನ್ನ ಹುಡುಕೋದೂ ಸುಲಭ. ಗೋಡೆ ಮೇಲೆ ಬರೆದ್ರೆ ಮನೆಗೆ ಬಂದವರೆಲ್ಲ ಓದ್ತಾರಲ್ವಾ?

ಗದಗಿನ ಟೀಚರ್
ಓದ್ಲಿ ಬಿಡ್ರೀ. ಹಾಲಿನ ಲೆಕ್ಕ ಓದಿದಂಗ ಇದನ್ನೂ ಓದ್ಲಿ. ಅಂಗಡ್ಯಾಗ ಪ್ಯಾಡ್ ಕೇಳಿದ್ರ ಇನ್ನೂ ಪೇಪರ್‌ನ್ಯಾಗ ಸುತ್ತಿ ಕೊಡ್ತಾರ. ಎಲ್ಲಾ ಮುಚ್ಚಿ ಇಟ್ಟು ಇಟ್ಟು ಇಲ್ಲಿಗೆ ಬಂದು ನಿಂತೀವಿ.

ದಾವಣಗೆರೆ ಡಾಕ್ಟರಮ್ಮ
ನಾನು ಸ್ತ್ರೀರೋಗ ವೈದ್ಯೆ. ಓಪಿಡಿಯಲ್ಲಿ ನಾನು ಕೇಳೋ ಮೊದಲ ಪ್ರಶ್ನೆ ‘ಕಳೆದ ಸಲ ಯಾವತ್ತು ಆಯ್ತಮ್ಮ?’ ದಿನಾಂಕ ಹೇಳೋರು ಕಡಿಮೆ, ಹಬ್ಬ ಹಿಡಿದು ಹೇಳೋರು ಜಾಸ್ತಿ: ‘ಯುಗಾದಿ ಆಗಿ ಎರಡು ದಿನಕ್ಕೆ’. ಹಾಗಾಗಿ ನಿಮ್ಮ ಕೆಂಪು ಚುಕ್ಕೆ ನೋಡಿ ತುಂಬಾ ಖುಷಿಯಾಯ್ತು. ಸ್ವಲ್ಪ ವಿವರವಾಗಿ ಹೇಳ್ತೀನಿ.

ಸ್ರಾವ ಶುರುವಾದ ದಿನವೇ ಒಂದನೇ ದಿನ, ಮುಗಿದ ದಿನ ಅಲ್ಲ. ಅಲ್ಲಿಂದ ಮುಂದಿನ ಸಲ ಶುರುವಾಗೋ ಹಿಂದಿನ ದಿನದವರೆಗೆ ಒಂದು ಚಕ್ರ. ವಯಸ್ಕರಲ್ಲಿ 21ರಿಂದ 35 ದಿನದೊಳಗೆ ಇದ್ದರೆ ಸಹಜ. 28 ಅನ್ನೋದು ಬರೀ ಸರಾಸರಿ, ಅದಕ್ಕೆ ಹೊಂದಲಿಲ್ಲ ಅಂತ ಹೆದರಬೇಡಿ. ಅಂಡಾಣು ಬಿಡುಗಡೆಯಾಗೋದು ‘ಹದಿನಾಲ್ಕನೇ ದಿನ’ ಅಂತ ಪಾಠದಲ್ಲಿ ಓದಿರ್ತೀರಿ. ಸರಿಯಾಗಿ ಹೇಳಬೇಕಂದ್ರೆ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. 34 ದಿನದ ಚಕ್ರ ಇದ್ದವರಿಗೆ ಅದು ಇಪ್ಪತ್ತನೇ ದಿನದ ಆಸುಪಾಸು. ಜ್ವರ, ಪರೀಕ್ಷೆ, ಪ್ರಯಾಣ, ಮನೆಯಲ್ಲೊಂದು ಸಾವು, ಇವು ಹಿಗ್ಗಿಸೋದು ಹೆಚ್ಚಾಗಿ ಮೊದಲ ಅರ್ಧವನ್ನ. ಎರಡನೇ ಅರ್ಧ ಅಷ್ಟಾಗಿ ಕದಲೋದಿಲ್ಲ.

ಆ ಎರಡನೇ ಅರ್ಧದಲ್ಲಿ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಏರುತ್ತೆ. ಗರ್ಭ ನಿಲ್ಲದಿದ್ದರೆ ಕೊನೆ ದಿನಗಳಲ್ಲಿ ಅದೂ ಈಸ್ಟ್ರೋಜೆನ್ನೂ ಎರಡೂ ಇಳಿಯುತ್ತವೆ. ನಿಮ್ಮ ಅ, ಸಿ, ನಿ ಬರೋದು ಆ ಇಳಿಜಾರಲ್ಲಿ. ‘ನಿಂಗೆ ಹಾರ್ಮೋನ್ ಜಾಸ್ತಿ’ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ. ರಕ್ತದಲ್ಲಿ ಪ್ರಮಾಣ ಬೇರೆಯವರಷ್ಟೇ ಇರುತ್ತೆ, ಆ ಏರಿಳಿತಕ್ಕೆ ಕೆಲವರ ಮಿದುಳು ಹೆಚ್ಚು ಸ್ಪಂದಿಸುತ್ತೆ.

ಬರೆಯೋದರ ಬಗ್ಗೆ ಒಂದೇ ಮಾತು. ಒಳ್ಳೆ ದಿನವನ್ನ ಖಾಲಿ ಬಿಡಬೇಡಿ. ಕೆಟ್ಟ ದಿನ ಮಾತ್ರ ಬರೆದರೆ ತಿಂಗಳೆಲ್ಲ ಕೆಟ್ಟದ್ದೇ ಅನ್ಸುತ್ತೆ. ರಾತ್ರಿ ಮಲಗೋ ಮುಂಚೆ ಸಿಟ್ಟು, ಅಳು, ನಿದ್ದೆ, ಮೈನೋವು, ಹಸಿವು, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡಿ. ಕನಿಷ್ಠ ಎರಡು ಚಕ್ರ ಬೇಕು. ತಿಂಗಳ ಕೊನೆಗೆ ಕೂತು ನೆನಪಿಸ್ಕೊಂಡು ಬರೆದದ್ದು ಲೆಕ್ಕಕ್ಕಿಲ್ಲ, ನೆನಪು ನಮಗೆ ಬೇಕಾದ ಹಾಗೆ ತಿದ್ದುತ್ತೆ.

ಕೋಡ್ ಬರೆಯೋ ಕಾವ್ಯ
ಓ, ಅದಕ್ಕೇ ನನ್ನ ಆ್ಯಪ್ ಯಾವಾಗಲೂ ಐದು ದಿನ ಮುಂಚೆ ಹೇಳ್ತಿತ್ತು! ನಂದು 33 ದಿನ. ಮೊದಲ ವರ್ಷ ಅದು 28 ಅಂತಲೇ ಲೆಕ್ಕ ಹಾಕ್ತಿತ್ತು.

ಅಮ್ಮ ಆದ ಅಂಬಿಕಾ
ಅದಕ್ಕೇ ಹೇಳ್ತೀನಿ, ಆ್ಯಪ್‌ನ ‘ಸುರಕ್ಷಿತ ದಿನ’ ನಂಬಬೇಡಿ. ನಂಬಿದ್ದಕ್ಕೆ ನನ್ನ ಎರಡನೇ ಮಗ ಹುಟ್ಟಿದ್ದು. ಅವನು ನಮ್ಮ ಕಣ್ಣಿನ ಬೊಂಬೆ, ಆದ್ರೆ ಆ ವರ್ಷ ನಾವು ಸಿದ್ಧ ಇರಲಿಲ್ಲ, ಮೊದಲನೇದಕ್ಕೆ ಒಂದೂವರೆ ವರ್ಷ ಅಷ್ಟೆ. ಮನಸ್ಸು ತಿಳ್ಕೊಳ್ಳೋಕೆ ಬಳಸಿ, ಗರ್ಭ ತಡೆಯೋಕೆ ಅಲ್ಲ.

ಕಡಲ ಕಿನಾರೆ
ಮಾಹಿತಿ ಯಾರ ಕೈಗೆ ಹೋಗ್ತದೆ ಅಂತಲೂ ನೋಡಿ ಮಾರಾಯ್ರೆ. ಫ್ಲೋ ಅನ್ನುವ ಆ್ಯಪ್, ಬಳಕೆದಾರರ ಆರೋಗ್ಯದ ವಿವರ ಫೇಸ್‌ಬುಕ್, ಗೂಗಲ್ ತರದ ಕಂಪನಿಗಳ ಅನಾಲಿಟಿಕ್ಸ್‌ಗೆ ಕೊಟ್ಟಿದೆ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಮಾಡಿತ್ತು. 2021ರಲ್ಲಿ ರಾಜಿ ಆಯಿತು. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಗಿದೆ, ಹಾಗಂತ ಕಣ್ಣುಮುಚ್ಚಿ ಎಲ್ಲದಕ್ಕೂ ‘ಒಪ್ಪಿದೆ’ ಒತ್ತುವುದಾ? ನಾನು 80 ಪೇಜಿನ ನೋಟ್‌ಬುಕ್ ತಕ್ಕೊಂಡೆ. ಬ್ಯಾಟರಿ ಬೇಡ, ಯಾರ ಒಪ್ಪಿಗೆಯೂ ಬೇಡ.

ಹಾಸನದ ಪದ್ಮಕ್ಕ
ನಂಗೆ 68. ನಮ್ಮ ಕಾಲದಲ್ಲಿ ಬರೆಯೋದೆಲ್ಲ ಇರಲಿಲ್ಲ, ಚಂದ್ರನೇ ಲೆಕ್ಕ. ನಮ್ಮಮ್ಮ ‘ಅಮಾವಾಸ್ಯೆ ಕಳೆದು ಮೂರು ದಿನ’ ಅಂತ ಹೇಳೋರು, ತಪ್ಪುತ್ತಿರಲಿಲ್ಲ. ಹೊರಗೆ ಕೂತ ಮೂರು ದಿನ ನೀರು ಸೇದೋ ಹಾಗಿಲ್ಲ, ಒಲೆ ಹಚ್ಚೋ ಹಾಗಿಲ್ಲ. ಮನಸ್ಸಿಗೂ ಮೈಗೂ ವಿಶ್ರಾಂತಿ. ಈಗಿನ ಹುಡುಗೀರಿಗೆ ಆ ಮೂರು ದಿನವೂ ಇಲ್ಲ, ಅದಕ್ಕೇ ಈ ಸಿಟ್ಟು.

ಗದಗಿನ ಟೀಚರ್
ಅಜ್ಜಿ, ನಿಮ್ಮ ಮ್ಯಾಲ ಗೌರವ ಐತಿ, ಆದ್ರ ಇದನ್ನ ಒಪ್ಪಂಗಿಲ್ಲ. ವಿಶ್ರಾಂತಿ ಅಂದ್ರ ತಾನಾಗಿ ತಗೊಳ್ಳೋದು. ‘ಮುಟ್ಟಬ್ಯಾಡ, ದೂರ ಕುಂಡ್ರು’ ಅಂದ್ರ ಅದು ವಿಶ್ರಾಂತಿ ಹೆಂಗ ಆಗ್ತೈತಿ? ಚಿತ್ರದುರ್ಗ, ತುಮಕೂರು ಕಡೆ ಕಾಡುಗೊಲ್ಲರ ಹಟ್ಟಿಗಳೊಳಗ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲದಾಗ ಇಡೋ ಪದ್ಧತಿ ಇನ್ನೂ ಹೋಗಿಲ್ಲ. ಮಳ್ಯಾಗ, ಚಳ್ಯಾಗ ಹಸುಗೂಸು ಎತ್ತಿಕೊಂಡು. ಹನ್ನೆರಡನೇ ಶತಮಾನದಾಗ ಶರಣರು ಐದು ಸೂತಕ ಬ್ಯಾಡ ಅಂದ್ರು, ಅದ್ರಾಗ ರಜಸ್ಸೂತಕ, ಅಂದ್ರ ಮುಟ್ಟಿನ ಮೈಲಿಗಿನೂ ಒಂದು. ಎಂಟನೂರು ವರ್ಷ ಮ್ಯಾಲ ಆತು.

ಹಾಸನದ ಪದ್ಮಕ್ಕ
ಬಾಣಂತೀನ ಮಳೇಲಿ ಇಡೋದನ್ನ ನಾನು ಸರಿ ಅಂದಿಲ್ಲ ಕಣಮ್ಮ. ನಾನೂ ಕೊಟ್ಟಿಗೆಯಲ್ಲಿ ದನದ ಪಕ್ಕ ಮಲಗಿದವಳೇ, ಹೆದರಿಕೆ ಆಗ್ತಿತ್ತು. ಆದ್ರೆ ಆ ಮೂರು ದಿನ ಅತ್ತೆ ನನ್ನ ಹೆಸರು ಹಿಡಿದು ಕೂಗ್ತಿರಲಿಲ್ಲ. ಅದಕ್ಕೆ ಕಾಯ್ತಿದ್ದೆ, ನಿಜ ಹೇಳ್ತೀನಿ.

ಗದಗಿನ ಟೀಚರ್
ಈ ಮಾತು ಓದಿ ಕಣ್ಣಾಗ ನೀರು ಬಂತು ಅಜ್ಜಿ. ದೂರ ಕುಂತಾಗಷ್ಟ ಪುರುಸೊತ್ತು ಸಿಗೋದು ಅಂದ್ರ ಉಳಿದ 27 ದಿನ ಹೆಂಗ ಇದ್ದಿರಬೇಕು ನೀವು.

ಮೂಡಬಿದಿರೆ ಹಾಸ್ಟೆಲ್
ಚಂದ್ರನ ಮಾತು ಬಂತಲ್ಲ, ಹಾಸ್ಟೆಲ್‌ನಲ್ಲಿ ಒಟ್ಟಿಗೆ ಇದ್ದವರಿಗೆಲ್ಲ ಒಂದೇ ಸಮಯಕ್ಕೆ ಆಗ್ತದೆ ಅಂತಾರಲ್ಲ, ಅದು ನಿಜವಾ? ನಮ್ಮ ರೂಮಲ್ಲಿ ನಾಲ್ಕರಲ್ಲಿ ಮೂವರಿಗೆ ಹಾಗೇ ಆಗ್ತಿತ್ತು.

ದಾವಣಗೆರೆ ಡಾಕ್ಟರಮ್ಮ
1971ರಲ್ಲಿ ಮಾರ್ಥಾ ಮೆಕ್ಲಿಂಟಾಕ್ ಅನ್ನೋರು ‘ನೇಚರ್’ ಪತ್ರಿಕೆಯಲ್ಲಿ ಹಾಗೆ ಪ್ರಕಟಿಸಿದ್ರು. ಆಮೇಲಿನ ಅಧ್ಯಯನಗಳು ಅದನ್ನ ಎತ್ತಿ ಹಿಡೀಲಿಲ್ಲ. ಒಬ್ಬಳದು 27, ಇನ್ನೊಬ್ಬಳದು 31 ದಿನ ಇದ್ದರೆ ತಿಂಗಳು ಕಳೆದ ಹಾಗೆ ಎರಡೂ ಹತ್ತಿರ ಬಂದು, ಒಂದರ ಮೇಲೊಂದು ಬಿದ್ದು, ಮತ್ತೆ ದೂರ ಹೋಗುತ್ತೆ. ಹತ್ತಿರ ಬಂದ ತಿಂಗಳು ಮಾತ್ರ ನೆನಪಲ್ಲಿ ಉಳಿಯುತ್ತೆ. ಚಂದ್ರನದೂ ಹೀಗೇ. ಅವನ ಸುತ್ತು ಇಪ್ಪತ್ತೊಂಬತ್ತೂವರೆ ದಿನ. ಪದ್ಮಕ್ಕನ ತಾಯಿಯವರದ್ದೂ ಅಷ್ಟೇ ಇದ್ದಿರಬೇಕು, ಆಗ ಪಂಚಾಂಗವೇ ಡೈರಿ. ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದರೆ ತಿಥಿ ಪಕ್ಕ ಚುಕ್ಕೆ ಇಟ್ಟರೂ ಆಗುತ್ತೆ!

ಮಲ್ಲೇಶ್ವರದ ಮೀನಾ
ವರಮಹಾಲಕ್ಷ್ಮಿ ಹಬ್ಬಕ್ಕೆ, ನಾದಿನಿ ಗೃಹಪ್ರವೇಶಕ್ಕೆ ಅಂತ ಒಂದು ವರ್ಷದೊಳಗೆ ಎರಡು ಸಲ ಮುಂದೂಡೋ ಮಾತ್ರೆ ತಗೊಂಡೆ. ಆ ತಿಂಗಳುಗಳ ಲೆಕ್ಕ ಹೇಗೆ ಬರೀಲಿ? ಮಾತ್ರೆ ತಗೊಂಡ ವಾರ ಮೈಯೆಲ್ಲ ಊದ್ಕೊಂಡು, ಯಾರ ಮುಖವೂ ನೋಡೋಕೆ ಬೇಡ ಅನ್ಸಿತ್ತು.

ದಾವಣಗೆರೆ ಡಾಕ್ಟರಮ್ಮ
ಮೀನಾ ಅವ್ರೇ, ಅದು ನಾರ್‌ಎಥಿಸ್ಟರಾನ್, ಅಂದರೆ ಪ್ರೊಜೆಸ್ಟರಾನ್ ತರದ್ದೇ ಔಷಧಿ. ಊತ, ಮಂಕು ಅದರಿಂದ ಬರಬಹುದು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಆಗುತ್ತೆ, ಅದನ್ನೇ ಒಂದನೇ ದಿನ ಅಂತ ಬರೀರಿ, ಪಕ್ಕದಲ್ಲಿ ‘ಮಾತ್ರೆ’ ಅಂತಲೂ ಬರೀರಿ. ಔಷಧಿ ಅಂಗಡಿಯಿಂದ ನೇರ ತಂದು ನುಂಗಬೇಡಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರೋರಿಗೆ ಅದು ಅಪಾಯ.

ಕಡಲ ಕಿನಾರೆ
ದೇವಿ ಪೂಜೆಗೆ ಹೆಣ್ಣಿನ ಮೈಯನ್ನು ಮಾತ್ರೆ ಕೊಟ್ಟು ನಿಲ್ಲಿಸುವುದು. ನನಗೆ ಇದು ಯಾವತ್ತೂ ಅರ್ಥ ಆಗಲಿಲ್ಲ.

ಮಲ್ಲೇಶ್ವರದ ಮೀನಾ
ನಂಗೂ ಆಗಲ್ಲ. ಆದ್ರೆ ನಮ್ಮತ್ತೆ ಮುಂದೆ ನಿಂತು ಹೇಳೋ ಧೈರ್ಯ ಇನ್ನೂ ಬಂದಿಲ್ಲ.

ಪೀಣ್ಯ ಲೈನ್
ಇಲ್ಲಿ ಬ್ಯಾಂಕ್, ಐಟಿಯವರೇ ಮಾತಾಡ್ತಿದೀರಿ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮಗೆ ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್. ಮುಟ್ಟಿನ ಮುಂಚಿನ ಎರಡು ದಿನ ಕೈ ಓಡಲ್ಲ, ಸೂಪರ್‌ವೈಸರ್ ಬೈತಾನೆ, ಬೈದಿದ್ದಕ್ಕೆ ಅವತ್ತು ಅಳು ಬರುತ್ತೆ, ಬೇರೆ ದಿನ ಬರಲ್ಲ. ನಾನು ಫೋನ್ ಕ್ಯಾಲೆಂಡರ್‌ನಲ್ಲಿ ಬರೀತೀನಿ, ಆ ಎರಡು ದಿನಕ್ಕೆ ಮುಂಚೆ ಸ್ವಲ್ಪ ಜಾಸ್ತಿ ನಿದ್ದೆ ಮಾಡೋಕೆ ನೋಡ್ತೀನಿ, ಅಷ್ಟೇ ನನ್ನ ಕೈಲಿರೋದು. 2025ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರದ ಸಂಪುಟ ತಿಂಗಳಿಗೊಂದು, ವರ್ಷಕ್ಕೆ 12 ಸಂಬಳದ ಮುಟ್ಟಿನ ರಜೆಗೆ ಒಪ್ಪಿಗೆ ಕೊಡ್ತಲ್ಲ, ಗಾರ್ಮೆಂಟ್ಸ್ ಸೇರಿಸಿ. ಕೇಳೋಕೆ ಇನ್ನೂ ನಾಚಿಕೆ. ಲೈನಲ್ಲಿ ಎಲ್ಲರ ಮುಂದೆ ಆ ಗಂಡಸಿನ ಹತ್ರ ಹೇಳಬೇಕು.

ಕೋಡ್ ಬರೆಯೋ ಕಾವ್ಯ
ರಜೆ ಕೊಟ್ಟರೆ ಹೆಂಗಸರನ್ನ ಕೆಲಸಕ್ಕೇ ತಗೊಳ್ಳಲ್ಲ ಅಂತ ನಮ್ಮ ಟೀಮ್‌ನಲ್ಲೇ ಮಾತು ಶುರುವಾಗಿದೆ.

ಪೀಣ್ಯ ಲೈನ್
ಬಿಹಾರದಲ್ಲಿ ಸರ್ಕಾರಿ ಕೆಲಸದ ಹೆಂಗಸರಿಗೆ 1992ರಿಂದ ತಿಂಗಳಿಗೆ ಎರಡು ದಿನ ಇದೆ. ಅಲ್ಲಿ ಆಫೀಸು ಮುಚ್ಚಿಹೋಯ್ತಾ? ಹೊಲಿಯೋರು ನಾವು. ನಮ್ಮನ್ನ ಬಿಟ್ಟರೆ ಲೈನ್ ಯಾರು ಓಡಿಸ್ತಾರೆ?

ಅಣ್ಣಿಗೇರಿ ಅಳಿಯ
ನಾನು ಗಂಡಸು, ಬರೀಬೇಕೋ ಬ್ಯಾಡೋ ಅಂತ ಯೋಚನೆ ಮಾಡಿ ಬರೀತಾ ಇದೀನಿ. ಸಾಗರದ ಅಕ್ಕಾರ ಮನೆಯವ್ರು ಅಂದಂಗ ನಾನೂ ಅಂದೇನಿ. ನಮ್ಮಾಕಿ ಎರಡು ದಿನ ಮಾತು ಬಿಟ್ಲು. ಆಮ್ಯಾಲ ಹೇಳಿದ್ಲು: ‘ಡೇಟ್ ಬಂತೇನು ಅಂತ ಕೇಳಿದ್ರ ನಾ ಹೇಳಿದ್ದು ಸುಳ್ಳು ಅಂದಂಗ ಆಗ್ತೈತಿ.’ ನನಗ ಅದು ತಿಳಿದಿರಲೇ ಇಲ್ಲ. ಈಗ ದಿನಾಂಕ ನನಗೂ ಗೊತ್ತಿರ್ತದ, ಬಾಯಿ ಬಿಡಂಗಿಲ್ಲ. ಆ ವಾರ ಸಂಜಿ ರೊಟ್ಟಿ ನಾ ಹೊರಗಿಂದ ತರ್ತೇನಿ, ಹುಡುಗರ ಹೋಮ್‌ವರ್ಕ್ ನಾ ನೋಡ್ತೇನಿ. ಏನಾದ್ರೂ ತಪ್ಪಿದ್ರ ಹೇಳ್ರಿ.

ಮಲ್ಲೇಶ್ವರದ ಮೀನಾ
ತಪ್ಪಿಲ್ಲ ಅಣ್ಣ. ಉಳಿದ ಮೂರು ವಾರವೂ ತನ್ನಿ.

ನಲವತ್ತಾರರ ನಂದಿನಿ
ನನ್ನ ಪುಸ್ತಕ ಈಗ ಯಾವ ಲೆಕ್ಕಕ್ಕೂ ಸಿಗ್ತಿಲ್ಲ. 24 ದಿನ, ಆಮೇಲೆ 51, ಆಮೇಲೆ 19. ನಡುರಾತ್ರಿ ಮೈ ಬೆವೆತು ಎಚ್ಚರ. ಹತ್ತು ವರ್ಷ ಬರೆದಿದ್ದರಿಂದಲೇ ‘ಇದು ಬೇರೆ’ ಅಂತ ತಕ್ಷಣ ಗೊತ್ತಾಯ್ತು. ಡಾಕ್ಟರ್ ಹತ್ರ ಪುಸ್ತಕವನ್ನೇ ಮುಂದಿಟ್ಟೆ, ಅವ್ರು ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನ್ ಬರೆದ್ರು. ಹಿಮೋಗ್ಲೋಬಿನ್ 8.6 ಇತ್ತು. ನಾನು ‘ಮನಸ್ಸು ಸರಿ ಇಲ್ಲ’ ಅಂತ ಬರೆದ ಎಷ್ಟೋ ದಿನ ನಿಜಕ್ಕೂ ರಕ್ತ ಕಡಿಮೆಯಾದ ಸುಸ್ತು.

ದಾವಣಗೆರೆ ಡಾಕ್ಟರಮ್ಮ
ಇದನ್ನ ಎಲ್ಲರೂ ಓದಿ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಅದು ಕಂಡಿತ್ತು. ದಿನಾಂಕದ ಪಕ್ಕ ಎಷ್ಟು ಪ್ಯಾಡ್ ಬದಲಾಯಿಸಿದ್ರಿ ಅಂತಲೂ ಬರೀರಿ. ಗಂಟೆಗೊಂದು ನೆನೆದು ಹೋಗ್ತಿದ್ದರೆ ಕಾಯಬೇಡಿ, ತೋರಿಸಿ.

ಹೆಸರು ಬೇಡ
ನನ್ನ ಪುಸ್ತಕ ಉಲ್ಟಾ ಹೇಳಿತು. ‘ನಂದು ಪೀರಿಯಡ್ಸ್ ಮುಂಚಿನ ಮೂಡ್ ಅಷ್ಟೆ’ ಅಂತ ಎರಡು ವರ್ಷ ತಳ್ಳಿದ್ದೆ. ಮೂರು ತಿಂಗಳು ದಿನಾ ಅಂಕ ಬರೆದು ನೋಡಿದ್ರೆ ಎಲ್ಲ ವಾರವೂ ಎರಡು, ಮೂರು. ಇಳಿದಿದ್ದೇ ಇಲ್ಲ. ಮುಟ್ಟು ಬಂದ ಮೇಲೂ ಹಗುರ ಆಗ್ತಿರಲಿಲ್ಲ. ಅದು ಖಿನ್ನತೆ ಅಂತ ಮನೋವೈದ್ಯರು ಹೇಳಿದ್ರು, ಔಷಧಿ ಶುರುವಾಗಿ ಐದು ತಿಂಗಳು. ತಿಂಗಳ ಚಕ್ರದ ತಲೆ ಮೇಲೆ ಎಲ್ಲವನ್ನೂ ಕಟ್ಟಬೇಡಿ ಅಂತ ಹೇಳೋಕೆ ಬಂದೆ.

ಕಪ್ಪು ವಾರ
ನನ್ನದು ಆ ಇನ್ನೊಂದು ತುದಿ. ಮುಟ್ಟಿನ ಮುಂಚಿನ ಏಳು ದಿನ ಬದುಕಿರಬಾರದು ಅನ್ನಿಸುತ್ತೆ, ಸ್ರಾವ ಶುರುವಾದ ಎರಡನೇ ದಿನಕ್ಕೆ ಪರದೆ ಎತ್ತಿದ ಹಾಗೆ ಸರಿಹೋಗುತ್ತೆ. ಸರಿಯಾದಾಗ ಹೇಳಿಕೊಂಡ್ರೆ ಯಾರೂ ನಂಬಲ್ಲ, ‘ಚೆನ್ನಾಗೇ ಇದೀಯಲ್ಲ’ ಅಂತಾರೆ. ಎರಡು ತಿಂಗಳ ದಿನದಿನದ ಅಂಕ ಕೊಂಡೊಯ್ದ ಮೇಲೆ ಮೊದಲ ಸಲ ಅದಕ್ಕೊಂದು ಹೆಸರು ಸಿಕ್ತು: ಪಿಎಂಡಿಡಿ, ಅಂದರೆ ಮುಟ್ಟಿನ ಮುಂಚೆ ಮನಸ್ಸು ತೀರಾ ಕುಸಿಯೋ ಕಾಯಿಲೆ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿದೆಯಂತೆ. ನನಗೆ ಕೊಟ್ಟ ಮಾತ್ರೆ ತಿಂಗಳಲ್ಲಿ ಹದಿನಾಲ್ಕು ದಿನ ಮಾತ್ರ. ಹೆಸರು ಸಿಕ್ಕ ದಿನ ಬಸ್ಸಲ್ಲಿ ಕೂತು ಅತ್ತಿದ್ದು ದುಃಖಕ್ಕಲ್ಲ.

ದಾವಣಗೆರೆ ಡಾಕ್ಟರಮ್ಮ
ಬರೆದಿದ್ದಕ್ಕೆ ಧನ್ಯವಾದ ಕಣಮ್ಮ. ಈ ತರ ಯೋಚನೆ ಬರೋ ಯಾರೇ ಇದ್ದರೂ ಎರಡು ತಿಂಗಳ ಅಂಕ ಮುಗಿಯಲಿ ಅಂತ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಗದಗಿನ ಟೀಚರ್
ನಂಬರ್ ನಾಳೆ ಹುಡುಗ್ಯಾರ ಶೌಚಾಲಯದ ಬಾಗಿಲ ಒಳಗ ಅಂಟಸ್ತೇನಿ. ಸರ್ಕಾರದ ಶುಚಿ ಯೋಜನೆ ಪ್ಯಾಡ್ ಕೊಡೋ ದಿನ ಒಂದೊಂದು ಸಣ್ಣ ಕ್ಯಾಲೆಂಡರ್ ಹಾಳಿನೂ ಕೊಡಬೇಕು ಅಂತ ಮಾಡೇನಿ. ಡಾಕ್ಟರೇ, ಎಂಟನೇತ್ತ ಹುಡುಗಿಗೆ 42 ದಿನಕ್ಕ ಆಗ್ತೈತಿ, ಅವರವ್ವ ಅಂಜ್ಯಾಳ.

ದಾವಣಗೆರೆ ಡಾಕ್ಟರಮ್ಮ
ಮೊದಲ ಕೆಲವು ವರ್ಷ 45 ದಿನದವರೆಗೂ ಹೋಗಬಹುದು, ಹೆದರೋದು ಬೇಡ ಅಂತ ಹೇಳಿ. ಮೂರು ತಿಂಗಳು ಬರದೇ ಇದ್ದರೆ ಕರ್ಕೊಂಡು ಬರಲಿ.

ಶರಾವತಿ ಸೀಮೆಯವಳು
ಇಷ್ಟು ಜನ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಎರಡು ಸಲ ಓದಿದೆ.

ಡಾಕ್ಟರಮ್ಮ ಹೇಳಿದ ಹಾಗೆ ಒಂದು ನೋಟ್‌ಬುಕ್ ತಗೊಂಡೆ, ಮೊನ್ನೆ ಶುರು. ಅದಕ್ಕೂ ಮುಂಚೆ ಹಳೇ ‘ಸಿ’ಗಳನ್ನೆಲ್ಲ ಎಣಿಸಿದೆ. ನಾಲ್ಕು ತಿಂಗಳಲ್ಲಿ ಹದಿನೇಳು. ಜಗಳ ಯಾವುದಕ್ಕೆ ಅಂತ ಹೆಚ್ಚಿನದು ಚೆನ್ನಾಗೇ ನೆನಪಿದೆ. (ನೆನಪು ತಿದ್ದುತ್ತೆ ಅಂದ್ರಲ್ಲ, ಇರಲಿ, ಇವು ತಿದ್ದೋ ಅಂಥವಲ್ಲ.) ಟವೆಲ್ ಒಂದೇ ಸಲ. ಹನ್ನೊಂದು ಸಲ ಒಂದೇ ವಿಷಯ: ನಾವಿಬ್ಬರೂ ಏಳಕ್ಕೆ ಮನೆಗೆ ಬರ್ತೀವಿ, ಅವರು ಸೋಫಾಗೆ, ನಾನು ಅಡುಗೆಮನೆಗೆ. ಇದು ಐದನೇ ದಿನವೂ ಇರುತ್ತೆ, ಹದಿನೈದನೇ ದಿನವೂ ಇರುತ್ತೆ. ಅವತ್ತೆಲ್ಲ ನುಂಗ್ಕೋತೀನಿ. ಇಪ್ಪತ್ತಮೂರನೇ ದಿನ ನುಂಗೋಕೆ ಆಗಲ್ಲ. ಸಿಟ್ಟಿನ ದನಿ ಆ ವಾರದ್ದು, ವಿಷಯ ತಿಂಗಳೆಲ್ಲದ್ದು.

ಅದಕ್ಕೆ ಇವತ್ತು ಮಾತಾಡಿದೆ. ಇವತ್ತು ಎಂಟನೇ ದಿನ, ಬೇಕಂತಲೇ ಕಾದು ಕೂತಿದ್ದೆ. ಅಣ್ಣಿಗೇರಿ ಅಣ್ಣನ ಮಾತು ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ರು. ‘ಡೇಟ್’ ಮಾತು ಇನ್ನು ಆಡಲ್ಲ ಅಂದ್ರು. ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಅಡುಗೆ ಅವರದ್ದು ಅಂತ ಆಗಿದೆ. ನಡೆಯುತ್ತಾ ಅಂತ ಎರಡು ತಿಂಗಳಾದ ಮೇಲೆ ಬಂದು ಹೇಳ್ತೀನಿ. ಕ್ಯಾಲೆಂಡರ್ ಅಲ್ಲೇ ಗೋಡೆ ಮೇಲಿದೆ. ಮಗಳು ‘ಅಮ್ಮ, ಕೆಂಪು ಚುಕ್ಕೆ ಏನು?’ ಅಂದ್ಲು. ಒಂಬತ್ತು ವರ್ಷ ಅವಳಿಗೆ. ಹೇಳಿದೆ. ‘ನಂಗೂ ಬರುತ್ತಾ? ಹಾಗಾದ್ರೆ ನಂದು ನೀಲಿ ಪೆನ್ನು’ ಅಂದ್ಲು.

ಪೀಣ್ಯ ಲೈನ್
ಅಕ್ಕ, ಎರಡು ತಿಂಗಳಾದ ಮೇಲೆ ಖಂಡಿತ ಬರೀರಿ. ಡಾಕ್ಟರಮ್ಮ, ಒಂದು ಸಣ್ಣ ಅನುಮಾನ. ರಾತ್ರಿ ಹನ್ನೊಂದಕ್ಕೆ ಶುರುವಾದ್ರೆ ಒಂದನೇ ದಿನ ಯಾವುದು?

ದಾವಣಗೆರೆ ಡಾಕ್ಟರಮ್ಮ
ಚೆನ್ನಾಗಿ ಹರಿದಿದ್ದರೆ ಅವತ್ತೇ. ಬರೀ ಕಲೆ ಕಂಡಿದ್ದರೆ ಮಾರನೇ ದಿನದಿಂದ ಎಣಿಸಿ.